ಹೆಸರು ಹೇಳಬಾರದ ಸೊಪ್ಪು

ನಮ್ಮ ಅವ್ವ ಸೊಪ್ಪು ಸದೆಯನ್ನು ಅದು ಬೆಳೆಯುವ ಜಾಗದಿಂದ ಗುರುತು ಹಿಡಿಯುತ್ತಿದ್ದಳು. ಹತ್ತರಕಿ ಅಂದರೆ ಅವಳ ತವರು ಐಗಳಿಯದು. ಅಲ್ಲಿನ ಎರೆಹೊಲದ ಜೋಳದ ಸಾಲಿನಲ್ಲಿ ಬೆಳೆದ ಹತ್ತರಕಿಯ ಕಹಿ ನಮ್ಮ ಸದಲಗಾದ ಹೊಳೆದಂಡೆಯ ಮಣ್ಣಿಗೆ ಬರುವುದಿಲ್ಲ ಎಂದು ವಾದ ಮಾಡುತ್ತಿದ್ದಳು. ಅರಿಷಿಣ ರಾಯಬಾಗದ ಕಡೆಯದೇ ಆಗಬೇಕು, ಅಮೃತಬಳ್ಳಿ ಬೇವಿನ ಮರ ಹತ್ತಿದ್ದೇ ಆಗಬೇಕು. ನಿಪ್ಪಾಣಿ ಸಂತೆಯಲ್ಲಿ ಮೆಂತ್ಯೆ ಸಿವುಡು ಕೈಗೆತ್ತಿಕೊಂಡರೆ, "ಯಾರ ನೀರಾಗ ಬೆಳದದ್ದವಾ ಇದು?" ಎಂದು ಮಾರುವವಳನ್ನು ಕೇಳದೆ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ನಿಂತು ನನಗೆ ತಲೆ ಕೆಡುತ್ತಿತ್ತು. ನಿಲ್ಲುವುದು, ಕಾಯುವುದು ನನಗೆ ಹುಟ್ಟಿನಿಂದಲೇ ಆಗಿಬರದ ಕೆಲಸ.

ನಮ್ಮದು ಜೈನರ ಮನೆ. ನೇಮಗಳಿಗೆ ಬರ ಇರಲಿಲ್ಲ. ಅದರಲ್ಲಿ ಒಂದು, ಹೆಸರು ಗೊತ್ತಿಲ್ಲದ ಕಾಯಿ, ಎಲೆ, ಬೇರು ಯಾವುದನ್ನೂ ಬಾಯಿಗಿಡಬಾರದು. ಇದರಿಂದ ಎಂದೂ ತೊಂದರೆ ಆಗಿರಲಿಲ್ಲ. ಅವ್ವನಿಗೆ ಗೊತ್ತಿಲ್ಲದ ಸೊಪ್ಪಾದರೂ ಎಲ್ಲಿತ್ತು?

ಎಂಬತ್ತರ ದಶಕದ ನಡುವಿನ ಒಂದು ಶ್ರಾವಣದಲ್ಲಿ ಅವ್ವನಿಗೆ ಕಾಮಣಿ ಆಯಿತು. ನಾನು ಚಿಕ್ಕೋಡಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಪ್ಪ ತೀರಿಕೊಂಡು ಬಹಳ ದಿನ ಆಗಿರಲಿಲ್ಲ, ಮನೆಯಲ್ಲಿ ನಾವಿಬ್ಬರೇ. ಅವ್ವನ ಕಣ್ಣು, ಉಗುರು, ಅಂಗೈ ಎಲ್ಲ ಹಳದಿ. ಅನ್ನದ ವಾಸನೆ ಬಂದರೆ ಮುಖ ತಿರುಗಿಸುತ್ತಿದ್ದಳು. ಚಿಕ್ಕೋಡಿಯ ಡಾಕ್ಟರು ವಿಶ್ರಾಂತಿ, ಪಥ್ಯ ಎಂದು ಹೇಳಿ ಗುಳಿಗೆ ಕೊಟ್ಟು ಕಳಿಸಿದ್ದರು. ದಿನ ಹೋದಂತೆ ಅವಳು ಎದ್ದು ಕೂರುವುದೂ ನಿಂತಿತು. ನಾನು ಮನೆಯೊಳಗೆ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಂಗಳಕ್ಕೆ ಸುಮ್ಮನೆ ತಿರುಗುತ್ತಿದ್ದೆ. ಅವ್ವನೂ ಹೋದರೆ ಅನ್ನುವ ವಿಚಾರ ಬಂದಾಗ ಇನ್ನಷ್ಟು ಜೋರಾಗಿ ತಿರುಗುತ್ತಿದ್ದೆ.

ನಮ್ಮ ಊರ ಹೊರಗಿನ ತೋಟದಲ್ಲಿ ಕಾಮಣಿಗೆ ಔಷಧ ಕೊಡುವ ಒಬ್ಬ ಮುದುಕ ಇದ್ದ. ಬೆಳಿಗ್ಗೆ ಹೊಲದ ಬದುವಿನಲ್ಲಿ ಗಿಡ ಕಿತ್ತು, ಅಲ್ಲೇ ಕಲ್ಲಿನ ಮೇಲೆ ಅರೆದು, ರಸವನ್ನು ಮಜ್ಜಿಗೆಯಲ್ಲಿ ಕಲಸಿ ಮುಚ್ಚಿದ ತಂಬಿಗೆಯಲ್ಲಿ ತರುತ್ತಿದ್ದ. ಕಿತ್ತ ಗಿಡ ಮಂದಿಯ ಕಣ್ಣಿಗೆ ಬೀಳಬಾರದು, ಅದರ ಹೆಸರು ಬಾಯಿಂದ ಬರಬಾರದು. ಬಂದರೆ ಔಷಧದ ಗುಣ ಹೋಗುತ್ತದೆ. ಇದು ಅವನ ಮನೆತನದ ಕಟ್ಟಳೆ.

ನಾನು ಹೋಗಿ ಹೇಳಿದ ಮೇಲೆ ಅವನು ತಂಬಿಗೆ ತಂದು ಇಟ್ಟಾಗ ಅವ್ವ ಮಲಗಿದಲ್ಲಿಂದಲೇ ಕೇಳಿದಳು. "ಯಾವ ಸೊಪ್ರಿ ಇದು?"

"ನಾವ ಸಾಂಗಾಯಚ ನಾಹೀ, ವೈನಿ," ಎಂದ ಮುದುಕ. ನಮ್ಮೂರಲ್ಲಿ ಅರ್ಧ ಮಾತು ಮರಾಠಿಯಲ್ಲೇ ನಡೆಯುತ್ತದೆ. ಮತ್ತೆ ಕನ್ನಡಕ್ಕೆ ಬಂದು, "ಹೆಸರ ಹೇಳಾಂಗಿಲ್ರಿ," ಎಂದ.

"ಹಂಗಾರ ನಾ ಕುಡ್ಯಾಂಗಿಲ್ರಿ."

ಚಾತುರ್ಮಾಸದಲ್ಲಿ ಅವ್ವ ಸೊಪ್ಪು ತಿನ್ನುತ್ತಿರಲಿಲ್ಲ. ಆದರೆ ಅಡ್ಡಿ ಅದಲ್ಲ. "ಔಷಧಕ್ಕ ರಿಯಾಯಿತಿ ಐತಿ, ಹೆಸರಿಲ್ಲದ್ದಕ್ಕ ಇಲ್ಲ," ಎಂದು ನನಗೆ ತಿಳಿಸಿ ಹೇಳಿದಳು, ಉಸಿರು ಹಿಡಿದು ಹಿಡಿದು. ಕಾಮಣಿಗೆ ಕೆಲವರು ಗರಗದ ಸೊಪ್ಪು ಹಾಕುತ್ತಾರೆ, ಕೆಲವರು ನೆಲನೆಲ್ಲಿ, ಕೆಲವರು ಔಡಲದ ಕುಡಿ. ಅದೋ ಇದೋ ಎಂದು ಊಹೆ ಮಾಡಿ ಕುಡಿಯುವುದು ತಿಳಿದು ಕುಡಿದಂತೆ ಆಗುವುದಿಲ್ಲ ಎಂದಳು. ಮುದುಕ ಸಿಟ್ಟಾಗಲಿಲ್ಲ. ತಂಬಿಗೆ ಎತ್ತಿಕೊಂಡು ಹೋದ. ಮರುದಿನವೂ ತಂದ, ಮರುದಿನವೂ ಒಯ್ದ. ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು, ನಡುವೆ ನಾನೊಬ್ಬಳು ಕಾದ ಹಂಚಿನ ಮೇಲೆ ನಿಂತವಳು. ಎತ್ತು ಏರಿಗೆ, ಕೋಣ ನೀರಿಗೆ ಎಂದರೆ ಬಂಡಿ ಮುಂದೆ ಹೋಗುವುದಾದರೂ ಹೇಗೆ?

ಮೂರನೆಯ ಸಲ ಅವನು ಹೊರಟಾಗ ಅವನ ಹಿಂದೆ ಓಡಿ ತೋಟದವರೆಗೂ ಜಗಳ ಮಾಡುತ್ತ ಹೋದೆ. "ನಿಮ್ಮ ಕಟ್ಟಳೆಗೆ ನನ್ನ ಅವ್ವ ಸಾಯಬೇಕೇನ್ರಿ?" ಎಂದೆ. ಅವನು ಬಾವಿಯ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಹೇಳಿದ. "ನಾ ಹೇಳಾಂಗಿಲ್ಲ, ಕಿತ್ತ ತೋರಸಾಂಗಿಲ್ಲ. ಆದ್ರ ಗಿಡ ಬೆಳದಲ್ಲೇ ನಿಮ್ಮವ್ವ ಬಂದು ನೋಡಿದ್ರ, ನಾ ಯಾಕ ಬ್ಯಾಡ ಅನ್ಲಿ?"

ಮರುದಿನ ಬೆಳಿಗ್ಗೆ ನೆರೆಮನೆಯವರ ಬಂಡಿಯಲ್ಲಿ ಗಾದಿ ಹಾಸಿ ಅವ್ವನನ್ನು ಮಲಗಿಸಿದೆ. ಜಿಟಿಜಿಟಿ ಮಳೆ, ಎರಡೂ ಬದಿಗೆ ಕಬ್ಬು. ಗಾಲಿ ಕೆಸರಿನಲ್ಲಿ ಹೂತಾಗಲೆಲ್ಲ ಇಳಿದು ನೂಕಿದೆ, ಮತ್ತೆ ಹತ್ತಿದೆ, ಅವಳ ಮೇಲೆ ಕೊಡೆ ಹಿಡಿದೆ, ಮತ್ತೆ ಇಳಿದೆ. ಬದುವಿನ ಹತ್ತಿರ ಬಂಡಿ ನಿಂತಾಗ ಮುದುಕ ಒಂದು ಮಾತೂ ಆಡದೆ ಕೋಲಿನ ತುದಿಯಿಂದ ನೆಲ ತೋರಿಸಿದ. ಸೇಂಗಾ ಹೊಲದ ಅಂಚಿನಲ್ಲಿ, ಗೇಣುದ್ದದ ಗಿಡಗಳು. ಎಲೆಯ ಕೆಳಗೆ ಸಾಸಿವೆಯಷ್ಟು ಕಾಯಿಗಳ ಸಾಲು. ನೆಲನೆಲ್ಲಿ. ಅವ್ವನೇ ನನಗೆ ಚಿಕ್ಕಂದಿನಲ್ಲಿ ತೋರಿಸಿದ್ದು. ನಾಲಿಗೆಯ ತುದಿಗೆ ಬಂದ ಹೆಸರನ್ನು ನುಂಗಿದೆ. ಕಾಲೇಜು ಕಲಿಯುವವಳು, ಇಂಥದ್ದನ್ನೆಲ್ಲ ನಂಬುತ್ತಿರಲಿಲ್ಲ. ಆದರೆ ಹೆಸರು ಹೇಳಿ, ಅವಳು ಉಳಿಯದೆ ಹೋದರೆ ಎಂಬ ಹೆದರಿಕೆ ನನ್ನ ಬಾಯಿ ಹೊಲಿದಿತ್ತು.

ಅವ್ವನ ಬೆನ್ನಿಗೆ ಕೈಕೊಟ್ಟು ಎಬ್ಬಿಸಿದೆ. ಅವಳು ಬಂಡಿಯ ಅಂಚಿನಿಂದ ಬಗ್ಗಿ ನೋಡಿದಳು. ನಾನು ಅವಳ ಮುಖ ನೋಡುತ್ತಿದ್ದೆ.

"ಗೊತ್ತಾತು," ಎಂದಳು. "ಅರದು ಕೊಡ್ರಿ."

ಅವನು ಮರೆಗೆ ಹೋಗಿ ಅರೆದು ತಂದ, ಕುಡಿದಳು. ಮುಂದಿನ ದಿನಗಳಲ್ಲೂ ಮನೆಗೆ ಬಂದ ತಂಬಿಗೆ ಖಾಲಿಯಾಗಿ ಹೋಯಿತು. ಔಷಧದಿಂದಲೋ, ವಿಶ್ರಾಂತಿಯಿಂದಲೋ, ಕಣ್ಣಿನ ಹಳದಿ ಇಳಿಯಿತು. ಗಂಜಿ ಕೇಳಿದಳು. ದಸರೆಯ ಹೊತ್ತಿಗೆ ಎದ್ದು ಓಡಾಡಿದಳು.

ಇದೆಲ್ಲ ಆಗಿ ಬಹಳ ವರ್ಷಗಳ ಮೇಲೆ, ತೊಂಬತ್ತರ ದಶಕದಲ್ಲಿ, ಒಂದು ಮಳೆಗಾಲ ನಾವಿಬ್ಬರೂ ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದೆವು. ಔಷಧ ಕೊಡುತ್ತಿದ್ದ ಮುದುಕ ಅಷ್ಟೊತ್ತಿಗೆ ತೀರಿಹೋಗಿದ್ದ. ಇನ್ನು ಹೆಸರು ಹೇಳಿದರೆ ಯಾರಿಗೆ ಏನು? ಕುರುಪಿಯ ಮೊನೆಗೆ ಸಿಕ್ಕ ಒಂದು ಗಿಡವನ್ನು ಎತ್ತಿ, "ನೋಡವ್ವಾ, ನಿನ್ನ ಉಳಿಸಿದ ನೆಲನೆಲ್ಲಿ," ಎಂದು ಚೇಷ್ಟೆ ಮಾಡಿದೆ.

ಅವ್ವ ಕುರುಪಿ ಕೆಳಗಿಟ್ಟಳು. "ನೆಲನೆಲ್ಲಿ ಏನ ಅದು?"

"ನೀನ ನೋಡಿ ಗೊತ್ತಾತು ಅಂದಿದ್ಯಲ್ಲ?"

"ಎಲ್ಲಿ ನೋಡಿದ್ನಿ. ಕಣ್ಣಿಗೆ ಕತ್ತಲಿ ಬಂದಿತ್ತು. ಬರೇ ಹಸರ ಕಾಣತಿತ್ತು." ಗಿಡವನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. "ನೀ ಇಳಿಯೂದು, ಹತ್ತೂದು, ಕೊಡಿ ಹಿಡಿಯೂದು. ಅಪ್ಪನ್ನ ಕಳಕೊಂಡ ಹುಡುಗಿ. ನನ್ನ ನೇಮ ನಾ ಉಳಿಸಿಕೊಂಡು ನಿನ್ನ ಒಬ್ಬಾಕೀನ್ನ ಮಾಡಿ ಹೋಗ್ಲೇನ?"

ಗಿಡವನ್ನು ಕೆಳಗಿಟ್ಟು ಮುಂದುವರಿಸಿದಳು. "ತಪ್ಪು ತಪ್ಪ. ಅದರ ಪ್ರಾಯಶ್ಚಿತ್ತಕ್ಕ ಬೆಲ್ಲ ಬಿಟ್ಟೆ."

ಊರ ತುಂಬ ಗಾಣ, ಚಳಿಗಾಲ ಬಂತೆಂದರೆ ಗಾಳಿಯಲ್ಲೇ ಬೆಲ್ಲದ ವಾಸನೆ. ಅಂಥ ಊರಿನಲ್ಲಿ ಅವಳು ಬೆಲ್ಲ ಮುಟ್ಟದೆ ಅಷ್ಟು ವರ್ಷ ಕಳೆದಿದ್ದಳು. ಹಲ್ಲು ನೋವಿಗೆ ಇರಬೇಕು ಎಂದುಕೊಂಡು, ಹಬ್ಬಕ್ಕೆ ಹೋಳಿಗೆ ಮಾಡಿದಾಗಲೆಲ್ಲ ತಿನ್ನು ತಿನ್ನು ಎಂದು ನಾನು ಜಗಳವಾಡಿದ್ದೆ. ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯಲಿಲ್ಲ.

"ಈಗರ ಹೆಸರ ತಿಳೀತಲ್ಲವ್ವಾ," ಎಂದೆ. "ಗೊತ್ತಿದ್ದ ಗಿಡಾನ ಕುಡದಿದಿ. ನೇಮ ಎಲ್ಲಿ ಮುರೀತು? ಇವತ್ತಿಂದ ಬೆಲ್ಲ ತಿನ್ನು."

"ಕುಡಿಯೂ ಮುಂದ ಗೊತ್ತಿರಲಿಲ್ಲಲ್ಲ," ಎಂದು ಅವ್ವ ಮುಂದಿನ ಸಾಲಿಗೆ ಸರಿದಳು.