ಒತ್ತುಬಿಡು ಮೇಷ್ಟ್ರು

ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಆದರೆ ಲೈಸೆನ್ಸಿನ ಮೇಲೆ ಬಿಟ್ಟರೆ ಅದು ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಕಲಿತವರ ಬಾಯಲ್ಲೆಲ್ಲ ಅವರು ಒತ್ತುಬಿಡು ಮೇಷ್ಟ್ರು. ಮೂವತ್ತೊಂದು ವರ್ಷ ಪಕ್ಕದ ಸೀಟಿನಲ್ಲಿ ಕೂತು, ತೊಡೆ ತಟ್ಟುತ್ತಾ ಅವರು ಹೇಳಿಕೊಟ್ಟದ್ದು ಒಂದೇ ಪಾಠ: "ಒತ್ತು, ಬಿಡು. ಒತ್ತು, ಬಿಡು. ಬ್ರೇಕ್ ತುಳಿದು ಹಿಡ್ಕೊಂಡ್ರೆ ಚಕ್ರ ಕಚ್ಕೊಳತ್ತೆ. ಕಚ್ಕೊಂಡ ಚಕ್ರ ಜಾರತ್ತೆ. ಜಾರೋ ಗಾಡಿ ಯಾರಪ್ಪನ ಮಾತೂ ಕೇಳಲ್ಲ."

ಹೇಳಿದ್ದು ಸುಳ್ಳೇನಲ್ಲ. ಆ ಕಾಲದ ಗಾಡಿಗಳಿಗೆ ಅದು ನೂರಕ್ಕೆ ನೂರು ನಿಜ. ಎಷ್ಟೋ ಜನ ಆ ಮಾತಿನಿಂದಲೇ ಜೀವ ಉಳಿಸಿಕೊಂಡು, ಬಂದು ಕೈಮುಗಿದು ಹೋಗಿದ್ದರು. ಕೈಮುಗಿಸಿಕೊಂಡು ಅಭ್ಯಾಸವಾದ ಮನುಷ್ಯನಿಗೆ ಕಿವಿ ಸ್ವಲ್ಪ ಮಂದವಾಗುತ್ತದೆ ನೋಡಿ, ಅದು ಇವರಿಗೂ ಆಯಿತು.

ತಾಯಿಯಿಲ್ಲದ ಮಗಳನ್ನು ಸಾಕಿದ್ದೂ ಅವರೇ, ಗಾಡಿ ಕಲಿಸಿದ್ದೂ ಅವರೇ. ಮಗಳದು ವಿದ್ಯುತ್ ಕಂಬ ಹತ್ತುವ ಕೆಲಸ. ಅವಳ ಕಚೇರಿಯಲ್ಲಿ ಕಂಬ ಹತ್ತುವ ಹೆಂಗಸು ಅವಳೊಬ್ಬಳೇ. "ಏನ್ ಮೇಷ್ಟ್ರೇ, ನಿಮ್ಮ ಮಗಳು ನೆಲಕ್ಕಿಳಿಯೋದು ಊಟಕ್ಕೆ ಮಾತ್ರನಾ?" ಎಂದು ಪಕ್ಕದ ಮನೆಯವರು ಕಿಚಾಯಿಸಿದರೆ ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು.

ಶಾಲೆಗೆ ಎಬಿಎಸ್ ಬ್ರೇಕಿನ ಹೊಸ ಕಾರು ಬಂದ ದಿನ ಯಜಮಾನತಿ ಅವರನ್ನು ಕರೆದು ಹೇಳಿದಳು: "ಮೇಷ್ಟ್ರೇ, ಇದರಲ್ಲಿ ಗಟ್ಟಿಯಾಗಿ ಒತ್ತಿ ಹಿಡ್ಕೊಳ್ಳೋದಷ್ಟೇ. ಪೆಡಲ್ ಕಾಲಡಿ ಗಡಗಡ ಅಂತ ನಡುಗತ್ತೆ, ನಡುಗಲಿ. ಕಾಲು ಮಾತ್ರ ತೆಗೀಬಾರ್ದು. ಬಿಡೋ ಕೆಲಸ ಅದೇ ಮಾಡ್ಕೊಳತ್ತೆ."

"ಯಾಕೆ, ನನ್ನ ಕಾಲಿಗೇನು ಲಕ್ವ ಹೊಡೆದಿದ್ಯಾ?" ಎಂದರು ಮೇಷ್ಟ್ರು.

ಮಾತಿಗೆ ಮಾತು ಬೆಳೆದು ಪಂದ್ಯವೇ ಆಯಿತು. ಭಾನುವಾರ ಶಾಲೆಯ ಹಿಂದಿನ ಅಂಗಳಕ್ಕೆ ಪೈಪಿನಲ್ಲಿ ನೀರು ಬಿಟ್ಟರು, ಬ್ರೇಕ್ ಹಾಕಬೇಕಾದ ಜಾಗದಲ್ಲಿ ಬಿಳಿ ಗೆರೆ ಎಳೆದರು. ಯಜಮಾನತಿ ಹೊಸ ಕಾರಿನಲ್ಲಿ, ಮೇಷ್ಟ್ರು ತಮ್ಮ ಹಳೇ ಕಾರಿನಲ್ಲಿ. ಮೇಷ್ಟ್ರ ಕಾಲು ಅಂದು ದೇವರಾಣೆಗೂ ಚೆನ್ನಾಗಿ ಆಡಿತು. ಹಳೇ ಕಾರು ಹೊಸದಕ್ಕಿಂತ ಒಂದು ಮೊಳ ಮುಂಚೆಯೇ ನಿಂತಿತು. ನೋಡಲು ಬಂದಿದ್ದ ಮಗಳು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು.

"ಗೆರೆ ಎಲ್ಲಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತು ಮೇಷ್ಟ್ರೇ. ರಸ್ತೇಲಿ ಯಾರು ಗೆರೆ ಎಳೆದಿಟ್ಟಿರ್ತಾರೆ?" ಎಂದಳು ಯಜಮಾನತಿ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಮೇಷ್ಟ್ರು ನಕ್ಕರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅವರಿಗೆ. ಒಂದು ಮೊಳದ ಗೆಲುವನ್ನು ವರ್ಷವಿಡೀ ಊರೆಲ್ಲ ಹೇಳಿಕೊಂಡು ತಿರುಗಿದರು.

ಮರುವರ್ಷ ಮಗಳು ಸ್ವಂತ ಕಾರು ಕೊಂಡಳು. ಅದಕ್ಕೂ ಎಬಿಎಸ್. "ಅಪ್ಪಾ, ಇದರ ಜೊತೆ ಕೊಟ್ಟಿರೋ ಪುಸ್ತಕದಲ್ಲಿ ಒತ್ತಿ ಹಿಡಿ ಅಂತ ಬರೆದಿದೆಯಲ್ಲ?" ಎಂದು ಅವಳು ಕೇಳಿದ್ದು ನಿಜ. ಕೇಳಲಿಲ್ಲ ಎನ್ನಲು ಮೇಷ್ಟ್ರಿಗೆ ಇವತ್ತಿಗೂ ಬಾಯಿ ಬರುವುದಿಲ್ಲ.

"ಪುಸ್ತಕ ಬರೆದೋನು ಅಂಗಳಕ್ಕೆ ಬಂದು ನನ್ನ ಮುಂದೆ ನಿಲ್ಲಿಸಿ ತೋರಿಸ್ಲಿ. ನೀನು ನಾನು ಹೇಳಿದ ಹಾಗೆ ಮಾಡೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಒಂದು ಬೆಳಿಗ್ಗೆ, ಸಣ್ಣ ಮಳೆ ಬಿದ್ದು ನಿಂತ ರಸ್ತೆಯಲ್ಲಿ, ತಿರುವಿನಾಚೆ ಲಾರಿಯೊಂದು ಕೆಟ್ಟು ನಿಂತಿತ್ತು. ಮಗಳ ಕಾರು ಅದರ ಹಿಂಬದಿಗೆ ಹೋಗಿ ಗುದ್ದಿತು. ಆಸ್ಪತ್ರೆಯ ಮಂಚದ ಮೇಲೆ ಅವಳು ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದಳು: "ಪೆಡಲ್ ನಡುಗ್ತಪ್ಪಾ. ತಕ್ಷಣ ಬಿಟ್ಟೆ. ಮತ್ತೆ ಒತ್ತಿದೆ, ಮತ್ತೆ ನಡುಗ್ತು, ಮತ್ತೆ ಬಿಟ್ಟೆ. ನೀನು ಹೇಳಿದ ಹಾಗೇ ಮಾಡಿದೆ. ಒಂದು ಚೂರೂ ತಪ್ಪಲಿಲ್ಲ."

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಅವಳು ಬೈಯಲಿಲ್ಲ. ಬಲ ಮಂಡಿ ಇನ್ನು ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ, ಕಂಬದ ಆಸೆ ಬಿಡಿ ಎಂದರು ಡಾಕ್ಟರು. ಕಚೇರಿಯವರು ಅವಳಿಗೆ ಕುರ್ಚಿ ಕೊಟ್ಟರು, ಕುರ್ಚಿಯ ಮುಂದೆ ಫೋನು ಕೊಟ್ಟರು. ಕರೆಂಟು ಹೋಯಿತೆಂದು ಜನ ಬೈಯುವುದನ್ನು ದಿನವಿಡೀ ಕೇಳಿಸಿಕೊಳ್ಳುವ ಕೆಲಸ.

ಆಮೇಲೊಂದು ದಿನ ಮೇಷ್ಟ್ರು ಯಾರಿಗೂ ಹೇಳದೆ ಅಂಗಳಕ್ಕೆ ನೀರು ಬಿಟ್ಟು, ಶಾಲೆಯ ಹೊಸ ಕಾರನ್ನು ತೆಗೆದರು. ಮೊದಲ ಸಲ ಒತ್ತಿ ಹಿಡಿದರು. ಪೆಡಲ್ ನಡುಗಿತು, ಕಾರು ನಿಂತಿತು. ನಿಂತಲ್ಲಿ ಒಂದು ಇಟ್ಟಿಗೆ ಇಟ್ಟರು. ಎರಡನೇ ಸಲ ಅದೇ ಕಾರಿನಲ್ಲಿ, ಅದೇ ವೇಗದಲ್ಲಿ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಬಂದರು. ಇಟ್ಟಿಗೆ ಚಕ್ರದಡಿ ಪುಡಿಯಾಯಿತು, ಕಾರು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಿತು. ಪಂದ್ಯದ ದಿನ ಅವರು ಪರೀಕ್ಷೆ ಮಾಡಿದ್ದು ತಮ್ಮ ಕಾಲನ್ನು, ಈ ಗಾಡಿಯನ್ನಲ್ಲ. ಮಗಳಿಗೆ ಆ ಮಾತು ಹೇಳುವ ಮುಂಚೆ ಅರ್ಧ ಗಂಟೆ ಸಾಕಿತ್ತು, ಎರಡು ಬಕೆಟ್ ನೀರು ಸಾಕಿತ್ತು. ಥೂ, ಎಂದು ತಮಗೆ ತಾವೇ ಉಗಿದುಕೊಂಡರು.

ಸಂಜೆ ಮನೆಗೆ ಬಂದರೆ ಮಗಳು ಕಿಟಕಿಯ ಹತ್ತಿರ ಕಾಲು ನೀಡಿ ಕೂತಿದ್ದಳು. ಎದುರಿನ ಕಂಬದ ಮೇಲೆ ಅವಳ ಜೊತೆಯ ಕೆಲಸಗಾರನೊಬ್ಬ ತಂತಿ ಬಿಗಿಯುತ್ತಿದ್ದ. "ಬೆಲ್ಟು ಸಡಿಲ ಹಾಕಿದಾನೆ, ಕತ್ತೆ," ಎಂದು ಗೊಣಗಿದಳು. ಮೇಷ್ಟ್ರು ನಿಂತಲ್ಲೇ ಎಲ್ಲ ಹೇಳಿದರು. ನೀರು, ಇಟ್ಟಿಗೆ, ನಾಲ್ಕು ಹೆಜ್ಜೆ.

ಮಗಳು ಕಂಬದಿಂದ ಕಣ್ಣು ಕೀಳಲಿಲ್ಲ. ಹಾಗೇ ಮೆಲ್ಲಗೆ ಅಂದಳು, "ಬಿಡಪ್ಪಾ."

"ಬಿಡಬಾರ್ದಿತ್ತು ಕಣೇ," ಎಂದರು ಮೇಷ್ಟ್ರು. "ಬಿಡು ಅಂತ ನಾನು ಹೇಳಬಾರ್ದಿತ್ತು."