ಇಲ್ಲದ ಟೇಬಲ್ಲಿಗಾಗಿ ಖಾಲಿ ಹೊಟ್ಟೆ

ಗಂಜಿಯ ತಂಬಿಗೆ ದವಾಖಾನೆಯ ಬಾಗಿಲಾಚೆ ಇತ್ತು. ಕುಡಿಯಬೇಕಾದವಳು ಬಾಗಿಲೊಳಗೆ ಇದ್ದಳು. ನಡುವೆ ಒಂದು ನಿಯಮ ಇತ್ತು.

ಕಳೆದ ವಾರದ ಮಾತು. ಗಜೇಂದ್ರಗಡದಲ್ಲಿ ನನ್ನ ಪಕ್ಕದ ಮನೆ ನೇಕಾರರದು. ಆ ಮನೆಯ ಸೊಸೆ ನೀಲವ್ವನಿಗೆ ಚೊಚ್ಚಲ ಹೆರಿಗೆ. (ತವರಿಗೆ ಏಕೆ ಹೋಗಲಿಲ್ಲ ಎನ್ನುತ್ತೀರಾ? ತಾಯಿಯಿಲ್ಲದ ತವರು.) ಬೆಳಿಗ್ಗೆ ನೋವು ಶುರುವಾದಾಗ ಅತ್ತೆ ಗಂಗವ್ವ ನನ್ನ ಬಾಗಿಲಿಗೆ ಬಂದಳು.

"ಅಕ್ಕೋರ, ದವಾಖಾನ್ಯಾಗ ಮಾತಾಡಾಕ ನಮಗ ಬರೂದಿಲ್ಲ. ನೀವು ಜೋಡಿ ಬರ್ರಿ."

ಹೋದೆ. ಚಕ್ಕಡಿಯಲ್ಲಿ ಮೂವರು ಹೆಂಗಸರು, ಎತ್ತು ಹೊಡೆಯಲು ನೀಲವ್ವನ ಗಂಡ, ಗಂಗವ್ವನ ಮಡಿಲಲ್ಲಿ ಬೆಲ್ಲ ಹಾಕಿದ ಗಂಜಿಯ ತಂಬಿಗೆ.

ಯಾವ ದವಾಖಾನೆ ಎಂದು ಹೆಸರಿಸುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವು ಪಾರಾಗುತ್ತವೆ.

ಒಳಗೆ ನೆಲ ತೊಳೆದಿತ್ತು. ಬಾಟಲಿಗಳು ಸಾಲಾಗಿ ನಿಂತಿದ್ದವು. ಜೀವನವಿಡೀ ಶಾಲೆಯ ಗಂಟೆಗೆ ಎದ್ದು ಕುಳಿತವಳು ನಾನು. ಶಿಸ್ತು ಕಂಡರೆ ಮನಸ್ಸು ತಣ್ಣಗಾಗುತ್ತದೆ. ನರ್ಸಬಾಯಿಯೂ ಕೆಟ್ಟವಳಲ್ಲ. ಕೈ ಚುರುಕು, ಮಾತು ಇನ್ನೂ ಚುರುಕು.

"ತಂಬಿಗಿ ಹೊರಗಿಡ್ರಿ. ಬ್ಯಾನಿ ತಿನ್ನಾಕಿಗೆ ನೀರೂ ಇಲ್ಲ, ಗಂಜೀನೂ ಇಲ್ಲ. ರೂಲ್ ಅದ."

ತಂಬಿಗೆಯ ಜೊತೆ ಗಂಗವ್ವನೂ ಹೊರಗುಳಿದಳು. (ಅದೂ ರೂಲು.) ಕನ್ನಡಕ ಹಾಕಿದವಳೆಂದು ನನ್ನೊಬ್ಬಳನ್ನು ಒಳಗೆ ಬಿಟ್ಟರು.

ಬಿಸಿಲೇರಿತು. ಮೇಲಿನ ತಗಡು ಕಾಯತೊಡಗಿತು. ನೀಲವ್ವ ಕಬ್ಬಿಣದ ಮಂಚದ ಮೇಲೆ ಅಂಗಾತ. ಎದ್ದು ನಾಲ್ಕು ಹೆಜ್ಜೆ ಅಡ್ಡಾಡುತ್ತೇನೆ ಎಂದರೆ ಬೇಡ. ಮಗ್ಗುಲಾದರೆ ತೊಡೆಗೆ ಒಂದು ಏಟು. ಮಧ್ಯಾಹ್ನದ ಹೊತ್ತಿಗೆ ಅವಳ ತುಟಿ ಒಡೆದಿತ್ತು. "ಅಕ್ಕೋರ, ಒಂದ ಗುಟುಕರಿ" ಎನ್ನುವುದರ ಹೊರತು ಬೇರೆ ಮಾತಿರಲಿಲ್ಲ.

"ನೀರು ಯಾಕ ಕೊಡಬಾರದವ್ವಾ?" ಎಂದು ನರ್ಸಬಾಯಿಯನ್ನು ಕೇಳಿದೆ.

"ಆಪರೇಶನ್ ಬಂತಂದ್ರ ಕ್ಲೋರೋಫಾರ್ಮ್ ಕೊಡಬೇಕಾಗ್ತದರಿ. ಹೊಟ್ಯಾಗ ಏನರ ಇದ್ರ ವಾಂತಿಯಾಗಿ ಉಸರ ಕಟ್ತದ. ಟ್ರೇನಿಂಗಿನ್ಯಾಗ ಹಂಗ ಕಲಿಸ್ಯಾರ."

ಕಾರಣ ಒಪ್ಪುವಂಥದೇ. "ಆಪರೇಶನ್ ಟೇಬಲ್ ಎಲ್ಲೈತಿ?"

"ಇಲ್ಲೆಲ್ಲಿ ಬರಬೇಕ್ರಿ? ಅಂಥಾ ಕೇಸ್ ಇದ್ರ ಹುಬ್ಬಳ್ಳಿಗೆ ಕಳಸ್ತೀವಿ."

ಕ್ಲೋರೋಫಾರ್ಮ್? ಅದೂ ಇಲ್ಲ.

ಗಮನಿಸಿದಿರಾ? ದೊಡ್ಡ ಊರಿನಿಂದ ಇಲ್ಲಿಯವರೆಗೆ ನಿಯಮ ಮಾತ್ರ ಬಂದಿದೆ. ಟೇಬಲ್ಲು ಬಂದಿಲ್ಲ, ಸರ್ಜನ್ ಬಂದಿಲ್ಲ. ನಿಯಮ ತರಲು ಚಕ್ಕಡಿ ಬಾಡಿಗೆ ಬೇಡ ನೋಡಿ.

"ಹಂಗಾದ್ರ ಒಂದು ಗುಟುಕು ಕೊಡವ್ವಾ" ಎಂದೆ.

"ಡಾಕ್ಟರ್ ಸಾಹೇಬರು ಹೇಳಲಿ, ಕೊಡ್ತೀನಿ. ಇಲ್ಲಂದ್ರ ನನ್ನ ನೌಕರಿ ನೀವು ಮಾಡ್ತೀರೇನು?"

ಸಾಹೇಬರು ಕ್ಯಾಂಪಿಗೆ ಹೋಗಿದ್ದರು.

ಸಂಜೆಗೆ ನೀಲವ್ವನಲ್ಲಿ ಕೂಗುವ ತ್ರಾಣವೂ ಉಳಿದಿರಲಿಲ್ಲ. "ಜೋರ್ ಮಾಡ, ಇನ್ನೂ ಜೋರ್ ಮಾಡ" ಎಂದು ನರ್ಸಬಾಯಿ ಗದರಿದಳು. ಕೊನೆಗೆ ತಾನೇ ಮೊಣಕೈ ಊರಿ ಹೊಟ್ಟೆಯನ್ನು ಕೆಳಕ್ಕೆ ಒತ್ತಿದಳು.

ಗಂಡು ಕೂಸು. ಅಳಲಿಲ್ಲ. ತಲೆಕೆಳಗೆ ಹಿಡಿದು ಬೆನ್ನು ತಟ್ಟಿದರೂ ಅಳಲಿಲ್ಲ.

"ಆಕೀನ ಜೋರ್ ಮಾಡಲಿಲ್ರಿ" ಎಂದಳು ನರ್ಸಬಾಯಿ, ಕೈ ತೊಳೆಯುತ್ತ. ಸೋಪು ಎರಡು ಸಲ ಜಾರಿ ಬಿತ್ತು.

ನೀರು ಕೊಟ್ಟಿದ್ದರೆ ಕೂಸು ಉಳಿಯುತ್ತಿತ್ತೇ? ನನಗೆ ಗೊತ್ತಿಲ್ಲ, ನಾನು ಡಾಕ್ಟರಲ್ಲ. ಮನೆಯ ಹೆರಿಗೆಯೇ ಚಲೋ ಎಂದೂ ಹೇಳುವವಳಲ್ಲ. ಕುಡುಗೋಲಿನಿಂದ ಹೊಕ್ಕಳುಬಳ್ಳಿ ಕೊಯ್ದು ಬೂದಿ ಮೆತ್ತಿದ ಕೂಸುಗಳು ನಮ್ಮ ಓಣಿಗಳಲ್ಲಿ ಹೇಗೆ ಸೆಟೆದು ಹೋದವೆಂದು ನಿಮಗೂ ಗೊತ್ತು. ಅದಕ್ಕೇ ಅಲ್ಲವೇ ನಾವು ಚಕ್ಕಡಿ ಹೂಡಿದ್ದು? ಆದರೆ ಹೆರುವುದೂ ದುಡಿಮೆ. ನೆತ್ತಿ ಸುಡುವ ಬಿಸಿಲಲ್ಲಿ ರಂಟೆ ಹೊಡೆಯುವ ಎತ್ತಿಗೆ ನೀರು ತೋರಿಸದ ರೈತ ನಮ್ಮ ಸೀಮೆಯಲ್ಲಿ ಇದ್ದಾನೆಯೇ? ಇನ್ನು ಆ ಮೊಣಕೈ ಯಾವ ಟ್ರೇನಿಂಗಿನದು? ಅದನ್ನು ನಾನು ಕೇಳಲಿಲ್ಲ. ಉತ್ತರ ಕೇಳುವ ಧೈರ್ಯ ಆಗಲಿಲ್ಲ.

ಆಮೇಲೆ ಗಂಗವ್ವನನ್ನು ಒಳಗೆ ಬಿಟ್ಟರು. ಅವಳು ಸೊಸೆಯ ಹಣೆ ಮುಟ್ಟಿದಳು. ಕೂಸಿಗೆಂದು ತಂದಿದ್ದ ಹೊಸ ಕುಂಚಿಗೆಯಲ್ಲೇ ಕೂಸನ್ನು ಸುತ್ತಿದಳು. ಹೊರಗೆ ಹೋಗಿ ಹುಳಿತ ಗಂಜಿಯನ್ನು ಬೇವಿನ ಬುಡಕ್ಕೆ ಚೆಲ್ಲಿ, ತಂಬಿಗೆ ತೊಳೆದು, ನೀರು ತುಂಬಿಕೊಂಡು ಬಂದಳು. ಬಾಗಿಲಲ್ಲೇ ನಿಂತು, ದನಿ ಏರಿಸದೆ ಕೇಳಿದಳು:

"ನರ್ಸಬಾಯಿ, ಈಗರ ಕುಡಸಬಹುದೇನ್ರಿ?"