ಜೀಪು ರಿಪೇರಿ ಮತ್ತು ಹಲಸಿನ ಹಪ್ಪಳ

ಊಟದ ಪಂಕ್ತಿಯಲ್ಲಿ ಪಕ್ಕದವರು ಹಪ್ಪಳ ಮುರಿದರೆ ನಾನು ಇವತ್ತಿಗೂ ಬೆಚ್ಚುತ್ತೇನೆ. ಬಡಿಸುವವರು ಅದನ್ನು ನೋಡಿ, ಇವನಿಗೆ ಇನ್ನೊಂದು ಬೇಕಾಗಿದೆ ಎಂದುಕೊಂಡು ಎಲೆಗೆ ಹಾಕಿ ಮುಂದೆ ಹೋಗುತ್ತಾರೆ. ನಾನು ಅದನ್ನು ಸಾರಿನಲ್ಲಿ ಮುಳುಗಿಸಿ, ಮೆತ್ತಗಾದ ಮೇಲೆ ಸದ್ದಿಲ್ಲದೆ ತಿನ್ನುತ್ತೇನೆ. ನನ್ನ ಈ ಭಯಕ್ಕೆ ಹಳೆಯ ಜೀಪಿನ ರಿಪೇರಿ ಕಾರಣ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ; ಆದರೆ ಪೂರ್ತಿ ಕೇಳಿದ ಮೇಲೆ ನಗಿ.

ಅಕ್ಕನ ಮನೆ ಕಾನಸೂರಿನ ಹತ್ತಿರದ ಒಂದು ಹಳ್ಳಿ. ತೊಂಬತ್ತರ ದಶಕದ ಕೊನೆಯಲ್ಲಿ ಭಾವ ಯಾವುದೋ ಹರಾಜಿನಿಂದ ಒಂದು ಜೀಪನ್ನು ಕೊಂಡು ತಂದ. ತಂದ ಎನ್ನುವುದಕ್ಕಿಂತ, ಇಳಿಜಾರಿನಲ್ಲಿ ಅದು ಅವನನ್ನು ತಂದಿತು, ಏರಿನಲ್ಲಿ ಊರವರು ಇಬ್ಬರನ್ನೂ ತಂದರು ಎನ್ನುವುದು ಸರಿ. ಗ್ಯಾರೇಜಿಗೆ ಶಿರಸಿಗೆ ಒಯ್ಯಬೇಕು. ಶಿರಸಿಗೆ ಒಯ್ಯುವ ಸ್ಥಿತಿಯಲ್ಲಿದ್ದರೆ ಗ್ಯಾರೇಜು ಯಾಕೆ? ಹೀಗೆ ಭಾವ ಮನೆಯಲ್ಲೇ ಮೆಕ್ಯಾನಿಕ್ ಆದ.

ಅಂಗಳದ ಮೆಕ್ಯಾನಿಕ್‌ನ ವಿದ್ಯೆ ಅಜ್ಜಿ ಮದ್ದಿಗೆ ಹತ್ತಿರದ ನೆಂಟು. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕು. ಪೆಟ್ರೋಲ್ ಟ್ಯಾಂಕು ಬೆವರಿದರೆ ಬಟ್ಟೆ ಸೋಪನ್ನು ಒತ್ತಿ ಮೆತ್ತು. ತುಕ್ಕು ಹಿಡಿದ ನಟ್ಟಿನ ಮೇಲೆ ಸಿಟ್ಟು ಮಾಡಬೇಡ. ಹಿಂದಿನ ದಿನವೇ ಸೀಮೆಎಣ್ಣೆ ಕುಡಿಸಿ, ಮರುದಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎಬ್ಬಿಸು. ನಟ್ಟು ತಿರುಗಿಸುವ ಪಾನಾದ ಹಿಡಿ ಸಾಲದಿದ್ದರೆ ಅದಕ್ಕೊಂದು ಕಬ್ಬಿಣದ ಪೈಪು ತೊಡಿಸು. ಬಿಚ್ಚಿದ ಬೋಲ್ಟುಗಳನ್ನು ಅಡಿಕೆ ಹಾಳೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡು, ಹಿಂದಿನಿಂದ ಮುಂದಕ್ಕೆ ಹಾಕುತ್ತ ಬಾ. ಇಷ್ಟು ಶಿಸ್ತಿನಲ್ಲಿ ಮಾಡಿದರೂ ಕೊನೆಗೆ ಹಾಳೆಯಲ್ಲಿ ಒಂದು ಬೋಲ್ಟು ಉಳಿಯುತ್ತಿತ್ತು. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಹೆಚ್ಚಿಂದು" ಎಂದು ಕಿಸೆಗೆ ಹಾಕಿಕೊಳ್ಳುತ್ತಿದ್ದ.

ಆ ಏಪ್ರಿಲ್‌ನಲ್ಲಿ ನಾನು ಪದವಿ ಮುಗಿಸಿ ಅಲ್ಲಿಗೆ ಹೋದಾಗ ಜೀಪಿನ ಬ್ರೇಕು ಹಿಡಿಯುವ ಮೊದಲು ಸ್ವಲ್ಪ ಯೋಚನೆ ಮಾಡುತ್ತಿತ್ತು. ಹಿಂದಿನ ಎರಡೂ ಗಾಲಿ ಬಿಚ್ಚಿ, ಒಳಗಿನ ಲೈನರ್ ಬದಲಿಸಿ, ಬ್ರೇಕ್ ಎಣ್ಣೆ ಎಲ್ಲಿ ಸೋರುತ್ತಿದೆಯೆಂದು ಅಡಿಗೆ ಮಲಗಿ ಹುಡುಕಬೇಕಿತ್ತು. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕು ಹಾಕಿ ಹಿಂಭಾಗ ಎತ್ತಿದೆವು. ಆದರೆ ಭಾವನಿಗೆ ಜಾಕಿನ ಮೇಲೆ ನಂಬಿಕೆಯಿರಲಿಲ್ಲ. ಅದು ನಿಂತಲ್ಲೇ ನಿದ್ದೆ ಹೋದವರಂತೆ ನಿಧಾನಕ್ಕೆ ಕುಸಿಯುತ್ತಿತ್ತು. ಕೊಟ್ಟಿಗೆ ಕಟ್ಟಿ ಉಳಿದಿದ್ದ ಚಿರೆಕಲ್ಲುಗಳನ್ನು ಹೊತ್ತು ತಂದು, ಜೀಪಿನ ಅಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿಯ ಎರಡು ಬದಿಗೂ ಎರಡು ಕಂಬ ಪೇರಿಸಿ, ಜಾಕು ತೆಗೆದ.

"ಕಲ್ಲು ತಡೀತಾ ಭಾವಾ?" ಎಂದೆ. ನಮ್ಮಲ್ಲಿ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ.

"ಇಡೀ ಮನೆನೇ ಈ ಕಲ್ಲಿನ ಮೇಲೆ ನಿಂತಿದ್ದು ಮಾರಾಯಾ! ಒಂದು ಜೀಪು ನಿಲ್ತಿಲ್ಯಾ? ರಾಶಿ ಗಟ್ಟಿ ಇದ್ದು, ಹೆದ್ರಡ."

ಈ ಮಾತಿಗೆ ನಮ್ಮ ಸೀಮೆಯಲ್ಲಿ ಯಾರೂ ಎದುರಾಡುವುದಿಲ್ಲ. ಮನೆ, ಬಾವಿಕಟ್ಟೆ, ದೇವಸ್ಥಾನದ ಪೌಳಿ, ಶಾಲೆ, ಎಲ್ಲವೂ ಚಿರೆಕಲ್ಲಿನವು. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು ಅದು. ಅನುಭವಸ್ಥ ಮನುಷ್ಯನಂತೆ ಮೈತುಂಬ ತೂತು. ಗೋಡೆಯಲ್ಲಿ ಸಾಲಾಗಿ ಕೂತು ಭಾರ ಹಂಚಿಕೊಂಡರೆ ತಲೆಮಾರುಗಟ್ಟಲೆ ಬಾಳುತ್ತದೆ. ಒಂದೇ ಕಲ್ಲಿನ ನೆತ್ತಿಯ ಮೇಲೆ ಕಬ್ಬಿಣದ ಅಂಚು ಕೂತರೆ ಏನಾಗುತ್ತದೆ ಎಂಬುದನ್ನು ಭೌತಶಾಸ್ತ್ರ ಹೇಳುತ್ತದೆ. ನಾನು ಬಿ.ಎಸ್ಸಿ.ಯಲ್ಲಿ ಅದನ್ನೇ ಓದಿದ್ದೆ. ಆದರೆ ಭೌತಶಾಸ್ತ್ರ ಓದಿದವನೂ ಚಿರೆಕಲ್ಲಿನ ಮನೆಯಲ್ಲೇ ಹುಟ್ಟಿದ್ದ.

ಭಾವ ಗೋಣಿಚೀಲ ಹಾಸಿಕೊಂಡು ಅಡಿಗೆ ಸರಿಯುವ ಹೊತ್ತಿಗೆ ಅಕ್ಕ ಸುರುಳಿ ಸುತ್ತಿದ ಚಾಪೆಗಳೊಂದಿಗೆ ಅಂಗಳಕ್ಕೆ ಇಳಿದಳು. ಹಲಸಿನಕಾಯಿ ಹಪ್ಪಳದ ಕಾಲದಲ್ಲಿ ಅಂಗಳದ ಬಿಸಿಲು ಪೂರ್ತಿ ಹೆಂಗಸರದು. ಅಲ್ಲಿ ಜೀಪು ನಿಲ್ಲಿಸಿದ್ದೇ ಒತ್ತುವರಿ.

"ತಮಾ, ಈ ಗಾಲಿ ಎಂತಕ್ಕೆ ಇಲ್ಲಿ ಬಿದ್ಕಂಡಿದ್ದು? ಎನ್ನ ಹಪ್ಪಳಕ್ಕೆ ಜಾಗ ಇಲ್ಲೆ."

"ಎಲ್ಲಿ ಇಡ್ಲೇ ಅಕ್ಕಾ?"

"ಎಲ್ಲಾದ್ರೂ ಇಡು. ನಿನ್ನ ಭಾವನ ಸಾಮಾನು ನಿನ್ನ ಭಾವನ ಹತ್ರಕ್ಕೇ ಇರ್ಲಿ. ಆ ಜೀಪಿನ ಅಡಿಗೆ ನೂಕು!"

ಜೀಪಿನ ಅಡಿಯಿಂದ ಭಾವನ ದನಿ ಬಂತು: "ಬೇಗ ನೂಕಿಬಿಡು ಮಾರಾಯಾ. ಇಲ್ದೇ ಹೋದ್ರೆ ಎನ್ನ ಮೇಲೂ ಹಪ್ಪಳ ಹಾಕ್ತು ನಿನ್ನ ಅಕ್ಕ."

ನಾನು ಎರಡೂ ಗಾಲಿಗಳನ್ನು ಉರುಳಿಸಿ ಒಯ್ದು, ಒಂದರ ಮೇಲೊಂದು ಮಲಗಿಸಿ, ಚಾಸಿಯ ಅಡಿಗೆ ತಳ್ಳಿದೆ. ಅಲ್ಲಿಂದ ಮುಂದೆ ನನಗೆ ಎರಡು ಹುದ್ದೆ: ಭಾವ ಕೇಳಿದ ಪಾನಾ ಕೊಡುವುದು, ಅಕ್ಕನ ಹಪ್ಪಳದಿಂದ ಕಾಗೆ ಓಡಿಸುವುದು. ಪದವಿ ಪಡೆದ ಮೇಲೆ ನನಗೆ ಸಿಕ್ಕ ಮೊದಲ ಜವಾಬ್ದಾರಿಯ ಕೆಲಸ.

ಒಂದು ಕಾಗೆಯನ್ನು ಓಡಿಸಿ ತಿರುಗುತ್ತಿದ್ದೆ. ಕರಿದ ಹಪ್ಪಳ ಮುರಿದಂಥ ಒಂದು ಸದ್ದು. ಅಷ್ಟೇ, ಒಂದು ಸಣ್ಣ ಚಟಕ್. ಹಸಿ ಹಪ್ಪಳ ಹೇಗೆ ಸದ್ದು ಮಾಡೀತು ಎಂದು ನನ್ನ ತಲೆ ಯೋಚಿಸುತ್ತಿದ್ದಾಗಲೇ ಬಲಗಡೆಯ ಕಂಬ ಪುಡಿಯಾಗಿ, ಎಡಗಡೆಯದು ಜಾರಿ, ಜೀಪು ಧಪ್ಪೆಂದು ಕೂತಿತು. ಕೆಂಪು ಧೂಳೆದ್ದು ಏನೂ ಕಾಣಲಿಲ್ಲ. ಗೋಣಿಚೀಲದ ಆಚೆ ಚಾಚಿದ ಭಾವನ ಎರಡು ಕಾಲು ಮಾತ್ರ ಕಂಡವು; ಅವು ಅಲುಗುತ್ತಿರಲಿಲ್ಲ. ನಾನು ಆ ಕಾಲುಗಳನ್ನೇ ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಒಮ್ಮೊಮ್ಮೆ ಆ ಹೊತ್ತು ಇನ್ನೂ ಮುಗಿದಿಲ್ಲ ಅನಿಸುತ್ತದೆ.

ಆಮೇಲೆ ಅಡಿಯಿಂದ ಕೇಳಿತು: "ಎಂತ ಆತೋ ಭಾವಾ? ಒಮ್ಮೆಲೇ ಕತ್ತಲಾತು."

ಜೀಪು ಎರಡು ಗಾಲಿಗಳ ಮೇಲೆ ಕೂತಿತ್ತು. ಭಾವನ ಮೂಗಿಗೂ ಕಬ್ಬಿಣಕ್ಕೂ ನಡುವೆ ಒಂದು ಹಪ್ಪಳ ತೂರುವಷ್ಟು ಜಾಗ ಉಳಿದಿತ್ತು. ಪಕ್ಕದ ಮನೆಯ ಬೀರ ನಾಯ್ಕರು ಸದ್ದು ಕೇಳಿ ಓಡಿ ಬಂದರು. ಇಬ್ಬರೂ ಸೇರಿ ಜಾಕು ಹಾಕಿ ಎತ್ತಿ, ಭಾವನ ಕಾಲು ಹಿಡಿದು ಗೋಣಿಚೀಲದ ಸಮೇತ ಹೊರಗೆಳೆದೆವು. ಮೈಯೆಲ್ಲ ಕೆಂಪು ಧೂಳು. ಕೈಯಲ್ಲಿ ಪಾನಾ ಹಾಗೆಯೇ ಇತ್ತು. ನಾಯ್ಕರು ಕಲ್ಲಿನ ಪುಡಿ ನೋಡಿದರು, ಗಾಲಿ ನೋಡಿದರು, ಚಾಪೆ ನೋಡಿದರು.

"ಹೆಗಡೇರೆ, ಜೀಪಿಗೂ ಹಪ್ಪಳಕ್ಕೂ ಒಂದೇ ದಿನ ಮುಹೂರ್ತ ಇಟ್ಟಿದ್ದು ಚೊಲೋ ಆಯ್ತು ನೋಡಿ" ಎಂದು ಭಾವನಿಗೆ ಹೇಳಿದರು.

ಅಕ್ಕ ಮೊದಲು ಸಿಟ್ಟಾದಳು. "ಹಪ್ಪಳದ ಮೇಲೆಲ್ಲ ಮಣ್ಣು! ಯಾರು ತಿನ್ನದು ಇದ್ನ?" ಎಂದು ಶುರುಮಾಡಿದವಳು ಮಾತಿನ ನಡುವೆ ನಿಲ್ಲಿಸಿ, ಗಾಲಿಗಳನ್ನು ನೋಡಿ, ಹಸಿ ಹಪ್ಪಳದ ಚಾಪೆಯ ಮೇಲೆಯೇ ಕೂತುಬಿಟ್ಟಳು. ಅಂದು ಮನೆಯಲ್ಲಿ ಯಾರೂ ಹಪ್ಪಳದ ಲೆಕ್ಕ ಕೇಳಲಿಲ್ಲ.

ಭಾವ ರಿಪೇರಿ ಬಿಟ್ಟನೇ? ಇಲ್ಲ. ಹಾಗೆ ಬಿಡುವವರು ಜೀಪು ಕೊಳ್ಳುವುದಿಲ್ಲ. ಚಿರೆಕಲ್ಲಿನ ಜಾಗಕ್ಕೆ ಮತ್ತಿಮರದ ದಪ್ಪ ದಿಮ್ಮಿಗಳು ಬಂದವು. ಕೇಳಿದವರಿಗೆಲ್ಲ, "ಬಿಚ್ಚಿದ ಗಾಲಿ ಮೊದಲು ಅಡಿಗೆ, ಆಮೇಲೆ ನೀನು ಅಡಿಗೆ" ಎಂದು ತಾನೇ ಕಂಡುಹಿಡಿದ ವಿದ್ಯೆಯಂತೆ ಉಪದೇಶ ಮಾಡುತ್ತಾನೆ. ಅಕ್ಕ ಒಳಗಿನಿಂದ ಕೇಳಿಸಿಕೊಳ್ಳುತ್ತ ತನ್ನ ಕೆಲಸ ಮುಂದುವರಿಸುತ್ತಾಳೆ.

ಕೆಲವು ವರ್ಷಗಳ ಮೇಲೆ ಒಂದು ನವೆಂಬರ್‌ನಲ್ಲಿ ಮತ್ತೆ ಹೋಗಿದ್ದೆ. ಹಲಸಿನ ಮರದಲ್ಲಿ ಒಂದು ಕಾಯಿಯೂ ಇರಲಿಲ್ಲ. ಭಾವ ಗಾಲಿ ಬಿಚ್ಚಿ, ದಿಮ್ಮಿ ಕೊಟ್ಟು, ಜಾಕು ತೆಗೆದ ಸದ್ದಾದದ್ದೇ ತಡ, ಅಕ್ಕ ಚಾಪೆ ಹಿಡಿದು ಅಂಗಳಕ್ಕೆ ಬಂದಳು. ಬಿಚ್ಚಿದ ಗಾಲಿಯ ಪಕ್ಕದಲ್ಲಿ ಅದನ್ನು ಬಿಡಿಸಿ ಹಾಸಿದಳು. ಮೇಲೆ ಹರವಲು ಅವಳ ಕೈಯಲ್ಲಿ ಏನೂ ಇರಲಿಲ್ಲ.

"ತಮಾ, ಎನ್ನ ಚಾಪೆಗೆ ಜಾಗ ಇಲ್ಲೆ. ಆ ಗಾಲಿ ಅಡಿಗೆ ನೂಕು" ಎಂದಳು.

ನಾನು ನೂಕಿದೆ. ಅದು ಸರಿಯಾಗಿ ಕೂತಿದೆಯೆಂದು ಬಗ್ಗಿ ನೋಡಿದ ಮೇಲೆ ಅವಳು ಖಾಲಿ ಚಾಪೆಯನ್ನು ಸುತ್ತಿಕೊಂಡು ಒಳಗೆ ಹೋದಳು.